ತೊರಕೆಯ ಕುಲಚರಿತ್ರೆ

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ, ಆ ಎರಡು ಹಳೆಯ ಊರುಗಳು 1962ರಲ್ಲಿ ಒಂದೇ ಪಾಲಿಕೆಯ ಆಡಳಿತಕ್ಕೆ ಒಳಪಟ್ಟ ತರುವಾಯ ಬೆಳೆದು ನಿಂತ ನವನಗರವು ಕಡಲಿನ ಗಾಳಿಯನ್ನು ಬಲ್ಲ ಊರಲ್ಲ. ಇಲ್ಲಿಂದ ಪಶ್ಚಿಮಕ್ಕೆ ಹೊರಟು, ಕಲಘಟಗಿ, ಯಲ್ಲಾಪುರಗಳನ್ನು ಹಿಂದಿಕ್ಕಿ, ಅರಬೈಲು ಘಟ್ಟವನ್ನಿಳಿದು ಅಂಕೋಲೆಯ ತೀರವನ್ನು ಮುಟ್ಟಬೇಕಾದರೆ ಸುಮಾರು 130 ಕಿಲೋಮೀಟರುಗಳ ದಾರಿಯನ್ನು ಸವೆಸಬೇಕು. ಇಷ್ಟು ದೂರದಲ್ಲಿ ಕುಳಿತವನೊಬ್ಬನು ಸಮುದ್ರದ ಮೀನೊಂದರ ಪೂರ್ವೋತ್ತರವನ್ನು ಬರೆಯಹೊರಡುವದು ಉದ್ಧಟತನವೆಂದು ಕರಾವಳಿಯ ಬಂಧುಗಳಿಗೆ ತೋರಿದರೆ ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಮೀನಿನ ಚರಿತ್ರೆಯ ಅರ್ಧಭಾಗವಾದರೂ ಅದನ್ನು ತಿನ್ನುವವರ ಊರುಗಳಲ್ಲಿ ನಡೆಯುತ್ತದೆಂಬುದನ್ನು ಅವರೂ ಅಲ್ಲಗಳೆಯಲಾರರು. ಘಟ್ಟದ ಕೆಳಗಿನ ಉಪ್ಪುಮೀನು ಎತ್ತಿನ ಬೆನ್ನ ಮೇಲೂ, ಬಂಡಿಯಲ್ಲಿಯೂ, ಈಗ ಮಂಜುಗಡ್ಡೆಯ ಲಾರಿಯಲ್ಲಿಯೂ ಮೇಲೇರಿ ಬಯಲುಸೀಮೆಯ ಸಂತೆಗಳನ್ನು ಮುಟ್ಟಿತು. ವಿದ್ಯೆಯು ತದ್ವಿರುದ್ಧವಾಗಿ ಘಟ್ಟವನ್ನಿಳಿಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ತನ್ನ ಸಾಗರ ಜೀವಶಾಸ್ತ್ರದ ವಿಭಾಗವನ್ನು ಕಾಳೀ ನದಿಯ ಅಳಿವೆಯ ಮಗ್ಗುಲಿಗೆ, ಕಾರವಾರದ ಕೋಡಿಬಾಗದಲ್ಲಿ ಸ್ಥಾಪಿಸಿದ್ದು ಈ ಇಳಿಜಾರಿನ ಸಂಬಂಧದ ಒಂದು ಸಾಕ್ಷಿ.

ನಾನು ಹೇಳಹೊರಟಿರುವದು ತೊರಕೆಯ ಮಾತು. ಶಾರ್ಕಿನ ದಾಯಾದಿಯಾದ ಈ ಮೀನಿಗೆ ಎಲುಬಿಲ್ಲ. ಅದರ ಅಸ್ಥಿಪಂಜರವೆಲ್ಲ ನಮ್ಮ ಕಿವಿಯ ಹಾಲೆಯಲ್ಲಿರುವಂಥ ಮೃದ್ವಸ್ಥಿ. ದೇಹವು ಚಪ್ಪಟೆಯಾಗಿ ಎರಡೂ ಪಾರ್ಶ್ವಗಳಿಗೆ ಹರಡಿ, ಬಾಲವು ಚಾಟಿಯಂತೆ ನೀಳವಾಗಿ, ಬಹುಪಾಲು ಜಾತಿಗಳಲ್ಲಿ ಆ ಬಾಲದ ಬುಡದಿಂದ ತುಸು ಈಚೆಗೆ ಗರಗಸದ ಅಂಚಿನ ವಿಷದ ಮುಳ್ಳೊಂದು ನಿಂತಿರುತ್ತದೆ. ಕಣ್ಣುಗಳು ಮೇಲ್ಭಾಗದಲ್ಲಿವೆ, ಬಾಯಿಯು ಹೊಟ್ಟೆಯ ಕಡೆಗಿದೆ. ಆದುದರಿಂದ ತಾನು ತಿನ್ನುವ ಆಹಾರವನ್ನು ತಾನೇ ನೋಡಲಾರದ ವಿಚಿತ್ರ ಪ್ರಾಣಿ ಇದು. ಉಸಿರಿಗೆ ಬೇಕಾದ ನೀರನ್ನು ಬಾಯಿಂದ ಸೆಳೆದರೆ ತಳದ ಮರಳೂ ಒಳಕ್ಕೆ ಬಂದೀತೆಂಬ ಕಾರಣದಿಂದ, ಕಣ್ಣಿನ ಹಿಂದೆಯೇ ಇರುವ ಎರಡು ರಂಧ್ರಗಳಿಂದ ಅದನ್ನು ಎಳೆದುಕೊಂಡು ಅಡಿಯ ಕಿವಿರುಸೀಳುಗಳಿಂದ ಬಿಡುತ್ತದೆ. ಮೀನುಪೇಟೆಯಲ್ಲಿ ಅಂಗಾತ ಮಲಗಿಸಿದ ತೊರಕೆಯ ಬಿಳಿಯ ಅಡಿಭಾಗದಲ್ಲಿ ಮೂಗಿನ ಹೊಳ್ಳೆಗಳೂ ಬಾಯಿಯೂ ಕೂಡಿ ಮನುಷ್ಯನ ಮುಖದ ಆಭಾಸವನ್ನು ಕೊಡುವದರಿಂದ ಮಕ್ಕಳು ಅದನ್ನು ನೋಡಿ ನಗುವದುಂಟು. ಚರ್ಮವನ್ನು ಬೆರಳಿನಿಂದ ಹಿಮ್ಮುಖವಾಗಿ ಸವರಿದರೆ ಮಾತ್ರ ನಗೆ ನಿಲ್ಲುತ್ತದೆ. ಅದರ ಮೈಮೇಲಿರುವದು ಹುರುಪೆಯಲ್ಲ, ಸೂಕ್ಷ್ಮವಾದ ಹಲ್ಲುಗಳು. ಮರಗೆಲಸದವರು ಕಟ್ಟಿಗೆಯನ್ನು ನಯಗೊಳಿಸುವದಕ್ಕೂ, ಆಯುಧ ಮಾಡುವವರು ಕತ್ತಿಯ ಹಿಡಿಗೆ ಸುತ್ತುವದಕ್ಕೂ ಅನೇಕ ದೇಶಗಳಲ್ಲಿ ಇದೇ ಚರ್ಮವನ್ನು ಬಳಸುತ್ತಿದ್ದರು. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಸಯಾಮಿನಿಂದ ಹಡಗುಗಟ್ಟಲೆ ತೊರಕೆಯ ತೊಗಲನ್ನು ಜಪಾನಿಗೆ ಸಾಗಿಸಿದ್ದು ಅಲ್ಲಿಯ ಯೋಧರ ಖಡ್ಗಗಳ ಹಿಡಿಗಾಗಿಯೇ.

ನಮ್ಮ ಕರಾವಳಿಯಲ್ಲಿ ಈ ಮೀನಿಗೆ ಅಂಥ ರಾಜಮರ್ಯಾದೆ ದೊರೆತಂತೆ ತೋರುವದಿಲ್ಲ. ಮೊಗವೀರರೂ ಖಾರ್ವಿಗಳೂ ಹರಿಕಂತ್ರರೂ ಎದುರುನೋಡುತ್ತಿದ್ದುದು ಬಂಗಡೆಯನ್ನು, ತಾರ್ಲೆಯನ್ನು. ಊರಿಗೆ ಊರೇ ನಿಂತು ದಡಕ್ಕೆಳೆಯುವ ರಂಪಣಿ ಬಲೆಯ ಸಂಭ್ರಮವೆಲ್ಲ ಆ ಬೆಳ್ಳಿಯ ರಾಶಿಗಾಗಿ. ತೊರಕೆಯು ಆ ಬಲೆಯೊಳಗೆ ಕರೆಯದೆ ಬಂದ ಅತಿಥಿ, ಅದರಲ್ಲಿಯೂ ಕುಟುಕುವ ಅತಿಥಿ. ಅನುಭವಸ್ಥರು ಮೊಟ್ಟಮೊದಲು ಅದರ ಮುಳ್ಳನ್ನು ಮುರಿದು ಬಿಸಾಡಿ ಆಮೇಲೆ ಉಳಿದ ಮಾತನ್ನಾಡುವರು. ಕೋರಮಂಡಲ ತೀರದ ತಮಿಳರು ಅದಕ್ಕೆಂದೇ ದೊಡ್ಡ ಕಣ್ಣಿನ ತಿರುಕ್ಕೈ ವಲೈಯನ್ನು ನೆಯ್ದು ತಳಕ್ಕಿಳಿಸುತ್ತಿದ್ದುದನ್ನು ನೆನೆದರೆ, ನಮ್ಮ ಕಡೆಯ ಉದಾಸೀನವು ಇನ್ನೂ ಸ್ಪಷ್ಟವಾಗುತ್ತದೆ. ಈ ಉದಾಸೀನಕ್ಕೆ ರುಚಿಯ ಕಾರಣವೂ ಒಂದಿತ್ತು. ಕಡಲಿನ ಉಪ್ಪಿಗೆ ಸರಿತೂಗಲೆಂದು ಶಾರ್ಕು ತೊರಕೆಗಳು ತಮ್ಮ ರಕ್ತಮಾಂಸಗಳಲ್ಲಿ ಯೂರಿಯಾ ಎಂಬ ವಸ್ತುವನ್ನು ಹಿಡಿದಿಟ್ಟುಕೊಂಡಿರುತ್ತವೆ. ಪ್ರಾಣ ಹೋದ ಕೆಲವೇ ಗಳಿಗೆಗಳಲ್ಲಿ ಅದು ಒಡೆದು ಅಮೋನಿಯದ ಘಾಟು ಏಳುತ್ತದೆ. ಆದಕಾರಣ ತೊರಕೆಯನ್ನು ಹಸಿಯಾಗಿ ದೂರ ಸಾಗಿಸುವ ಹಾಗಿರಲಿಲ್ಲ. ಸೀಳಿ, ತೊಳೆದು, ಉಪ್ಪಿನಲ್ಲಿ ಹುಗಿದು, ಮರಳಿನ ಮೇಲೆ ಒಣಗಿಸಿದರೆ ಮಾತ್ರ ಅದು ಘಟ್ಟವನ್ನು ಹತ್ತಬಲ್ಲದು. ಉಪ್ಪು ಹೀರಿ ಹಲಗೆಯಂತಾದ ಆ ತುಂಡುಗಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಯಿಟ್ಟು, ಮರುದಿನ ಹುಣಿಸೆಹುಳಿಯನ್ನು ಮುಂದುಮಾಡಿ ಕಾರದಲ್ಲಿ ಕುದಿಸುವದೇ ಇದಕ್ಕೆ ತಕ್ಕ ಪಾಕಕ್ರಮ.

ಒಣಮೀನಿನ ವ್ಯಾಪಾರವೆಂದರೆ ಉಪ್ಪಿನ ವ್ಯಾಪಾರವೇ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಗದ್ದೆಗಳಲ್ಲಿ ಬಿಳಿಯ ಗುಡ್ಡೆಗಳಾಗಿ ಏಳುತ್ತಿದ್ದ ಉಪ್ಪಿನ ಮೇಲೆ ಇಂಗ್ಲಿಷರ ಸರಕಾರವು ಹೇರಿದ ಕರವು ಬೆಸ್ತರ ಬೆನ್ನೆಲುಬನ್ನು ಬಾಗಿಸಿತು. ಮದರಾಸು ಸೇವೆಯ ವೈದ್ಯಾಧಿಕಾರಿಯಾಗಿದ್ದು ಮತ್ಸ್ಯಶಾಸ್ತ್ರಕ್ಕೆ ಒಲಿದ ಫ್ರಾನ್ಸಿಸ್ ಡೇ ಎಂಬಾತನು 1873ರಲ್ಲಿ ಹಿಂದುಸ್ಥಾನ, ಬರ್ಮಾಗಳ ಕಡಲಮೀನುಗಾರಿಕೆಯನ್ನು ಕುರಿತು ವರದಿಯೊಂದನ್ನು ಒಪ್ಪಿಸಿದನು. ಮದರಾಸು ಇಲಾಖೆಯಲ್ಲಿ ಕರವಿಲ್ಲದ ಉಪ್ಪನ್ನು ಹಂಚುವ ಸರಕಾರಿ ಅಂಗಳಗಳು ತಲೆಯೆತ್ತಿದ್ದು ಅದರ ತರುವಾಯದ ವರ್ಷಗಳಲ್ಲಿ. ಇಲ್ಲೊಂದು ಸೋಜಿಗವುಂಟು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಕಿತ್ತು ಮುಂಬಯಿ ಇಲಾಖೆಗೆ ಸೇರಿಸಿದ್ದರಿಂದ, ಒಂದೇ ನೀರಿನಲ್ಲಿ ಈಸುವ ಮೀನು ಭಟ್ಕಳದ ಬಲೆಗೆ ಬಿದ್ದರೆ ಒಂದು ರಾಜಧಾನಿಯ ಲೆಕ್ಕಕ್ಕೂ, ಬೈಂದೂರಿನ ಬಲೆಗೆ ಬಿದ್ದರೆ ಇನ್ನೊಂದು ರಾಜಧಾನಿಯ ಲೆಕ್ಕಕ್ಕೂ ಸೇರಿಹೋಗುತ್ತಿತ್ತು. ಸರಕಾರದ ಗೆರೆಯೇ ಮೀನಿನ ಗೆರೆಯೆಂದು ತಿಳಿಯುವ ಈ ಅಭ್ಯಾಸವು ಮುಂದೆ ಎಂಥ ಫಲವನ್ನು ಕೊಟ್ಟಿತೆಂಬುದನ್ನು ಮುಂದೆ ಹೇಳಬೇಕಾಗಿದೆ.

ತೊರಕೆಗೆ ಮೊದಲ ಬಾರಿ ದೊಡ್ಡ ಬೆಲೆ ಬಂದದ್ದು ಅದರ ಮಾಂಸದಿಂದಲ್ಲ, ಪಿತ್ತಜನಕಾಂಗದಿಂದ. ಎರಡನೆಯ ಮಹಾಯುದ್ಧದಲ್ಲಿ ನಾರ್ವೆಯ ಕಾಡ್ ಎಣ್ಣೆಯ ಹಡಗುಗಳು ನಿಂತುಹೋದಾಗ, ಎ ಜೀವಸತ್ವಕ್ಕಾಗಿ ಕಲ್ಲಿಕೋಟೆಯಲ್ಲಿಯೂ ಮುಂಬಯಿಯಲ್ಲಿಯೂ ಶಾರ್ಕ್ ಎಣ್ಣೆಯ ತಯಾರಿಕೆಗೆ ಸರಕಾರಗಳೇ ಕೈಹಾಕಿದವು. ಗರಗಸ ಮೀನಿನ, ತೊರಕೆಯ ಪಿತ್ತಜನಕಾಂಗಗಳೂ ಆ ಕಡಾಯಿಗಳಿಗೆ ಬಿದ್ದವು. ಯುದ್ಧ ಮುಗಿದು ಕೃತಕ ಜೀವಸತ್ವವು ಪೇಟೆಗೆ ಬಂದೊಡನೆ ಆ ಉದ್ಯಮವು ಮುದುಡಿತು.

ಆದರೆ ನಿಜವಾದ ಪರ್ವಾಂತರವು ಮುಂದೆ ಕಾದಿತ್ತು. 1952ರ ಒಪ್ಪಂದದ ಪ್ರಕಾರ ತಿರುವಾಂಕೂರಿನ ತೀರದಲ್ಲಿ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆಯು ಅರುವತ್ತರ ದಶಕದಲ್ಲಿ ಕಾರವಾರಕ್ಕೂ ವಿಸ್ತರಿಸಿತು. ಯಂತ್ರದ ದೋಣಿ, ಮಂಜುಗಡ್ಡೆಯ ಕಾರ್ಖಾನೆ, ನೈಲಾನು ಬಲೆ, ಇವುಗಳ ಬೆನ್ನಹಿಂದೆಯೇ ಟ್ರಾಲ್ ಬಂದಿತು. ಬಾಯ್ದೆರೆದ ಚೀಲದಂಥ ಬಲೆಯನ್ನು ಭಾರದ ಹಲಗೆಗಳಿಂದ ತಳಕ್ಕೆ ಒತ್ತಿ, ಕಡಲನೆಲವನ್ನು ಕೆರೆಯುತ್ತ ಎಳೆದುಕೊಂಡು ಹೋಗುವ ಈ ವಿಧಾನದ ಗುರಿಯು ಜಪಾನಿಗೂ ಅಮೆರಿಕೆಗೂ ರಫ್ತಾಗುವ ಸಿಗಡಿ. ಆದರೆ ಸಿಗಡಿಯಿರುವ ಕೆಸರಿನಲ್ಲಿಯೇ ತೊರಕೆಯೂ ಮಲಗಿರುತ್ತದೆ. ಅಪಾಯ ಬಂದಾಗ ಓಡದೆ ಮರಳನ್ನು ಹೊದ್ದು ನಿಶ್ಚಲವಾಗುವದು ಅದರ ಸನಾತನ ಆತ್ಮರಕ್ಷಣೆ. ಆ ಕಲೆಯು ಶಾರ್ಕಿನ ಎದುರು ಫಲಿಸುವದೇ ಹೊರತು ಟ್ರಾಲಿನ ಎದುರು ಫಲಿಸುವದಿಲ್ಲ. ಎಪ್ಪತ್ತರ ದಶಕದಲ್ಲಿ ಮಂಗಳೂರಿನ ಕಡೆಯಿಂದ ಪರ್ಸಿನ್ ಬಲೆಗಳು ಹಬ್ಬಿ, ರಂಪಣಿಯವರು ಬೀದಿಗಿಳಿದು ಹೋರಾಡಿದ ಕಥೆಯನ್ನು ಬಲ್ಲವರು ಬಹಳ ಮಂದಿ ಇದ್ದಾರೆ. ಆ ಗದ್ದಲದಲ್ಲಿ ಜನರ ಕಣ್ಣು ಬಂಗಡೆಯ ಮೇಲಿದ್ದಿತು. ತೊರಕೆಯ ಪಕ್ಷವನ್ನು ಹಿಡಿದು ವಾದಿಸಿದವರು ಯಾರೂ ಇರಲಿಲ್ಲ. ಆ ಬಳಿಕ ಚೀನದ ಹಬ್ಬದೂಟಗಳಿಗಾಗಿ ತೊರಕೆಯ ಕುಲದ್ದೇ ಆದ ಗಿಟಾರ್ ಮೀನಿನ ಬಿಳಿಯ ರೆಕ್ಕೆಗಳಿಗೂ, ಅಲ್ಲಿಯ ನಾಟಿಮದ್ದಿಗೆಂದು ಕೊಂಬುಳ್ಳ ಮಹಾತೊರಕೆಗಳ ಒಣಗಿದ ಕಿವಿರುಪಟ್ಟಿಗಳಿಗೂ ಬೇಡಿಕೆ ಹುಟ್ಟಿ, ಹಿಂದೊಮ್ಮೆ ಮುಳ್ಳು ಮುರಿದು ಬದಿಗೆ ಸರಿಸುತ್ತಿದ್ದ ಮೀನಿಗೆ ಹರಾಜು ಕಟ್ಟೆಯಲ್ಲಿ ಮರ್ಯಾದೆ ಬಂದಿತು. ಶಾರ್ಕ್ ರೆಕ್ಕೆಗಳ ರಫ್ತನ್ನು ಭಾರತವು 2015ರಲ್ಲಿ ನಿಷೇಧಿಸಿತು.

ಬಂಗಡೆ ತಾರ್ಲೆಗಳಿಗೂ ತೊರಕೆಗೂ ಇರುವ ಭೇದವನ್ನು ಇಲ್ಲಿ ಮರೆಯಲಾಗದು. ತಾರ್ಲೆಯು ಒಮ್ಮೆಗೇ ಹತ್ತಾರು ಸಾವಿರ ಮೊಟ್ಟೆಗಳನ್ನು ನೀರಿಗೆ ಚೆಲ್ಲಿ ಕೈತೊಳೆದುಕೊಳ್ಳುತ್ತದೆ. ಒಂದು ವರ್ಷ ಕೆಟ್ಟರೆ ಎರಡು ವರ್ಷಗಳಲ್ಲಿ ಚೇತರಿಸಿಕೊಳ್ಳುವದುಂಟು. ತೊರಕೆಯು ಸಸ್ತನಿಗಳಂತೆ ಗರ್ಭಧರಿಸಿ, ತಿಂಗಳುಗಟ್ಟಲೆ ಹೊತ್ತು, ಬೆರಳೆಣಿಕೆಯ ಮರಿಗಳನ್ನು ಹೆರುತ್ತದೆ. ಮಹಾತೊರಕೆಯಾದ ಮಾಂಟಾ ಸುಮಾರು ಒಂದು ವರುಷ ಹೊತ್ತು ಒಂದೇ ಮರಿಯನ್ನು ಈಯುತ್ತದೆ, ಮುಂದಿನ ಬಸಿರಿಗೆ ಅನೇಕ ವೇಳೆ ವರುಷಗಳೇ ಬೇಕು. ಬಡ್ಡಿಯು ಇಷ್ಟು ಅಲ್ಪವಾದ ಬಂಡವಾಳವನ್ನು ಕಡಿದು ತಿನ್ನುವವನಿಗೆ ಮೊದಮೊದಲು ಸಮೃದ್ಧಿಯೇ ಕಾಣುವದು. ಲೆಕ್ಕದ ಪುಸ್ತಕಗಳೂ ಆ ಭ್ರಾಂತಿಗೆ ನೀರೆರೆದವು. ನೂರಾರು ಜಾತಿಗಳಿರುವ ಈ ಕುಲವನ್ನು ಬಂದರಿನ ಲೆಕ್ಕದಲ್ಲಿ ಬಹುಕಾಲ ಶಾರ್ಕು, ಸ್ಕೇಟು, ತೊರಕೆ ಎಂಬ ಮೂರು ತಲೆಬರಹಗಳೊಳಗೆ ಅಡಕಿದ್ದರಿಂದ, ದೊಡ್ಡವು ಕಣ್ಮರೆಯಾಗಿ ಚಿಕ್ಕವು ಅವುಗಳ ತೂಕವನ್ನು ತುಂಬಿದಾಗ ಮೊತ್ತವು ಕದಲಲೇ ಇಲ್ಲ.

ಈ ಬಗೆಯ ಮೋಸಕ್ಕೆ ಬಲಿಯಾದವರು ನಾವು ಮಾತ್ರವಲ್ಲ. ಇಂಗ್ಲೆಂಡು ಐರ್ಲೆಂಡುಗಳ ನಡುವಿನ ಐರಿಷ್ ಸಮುದ್ರದಲ್ಲಿ, ತೊರಕೆಯ ಬಂಧುವಾದರೂ ಮೊಟ್ಟೆಯಿಡುವ, ಸಾಮಾನ್ಯ ಸ್ಕೇಟ್ ಎಂದೇ ಹೆಸರಾಗಿದ್ದ ಮಹಾಮತ್ಸ್ಯವು ಹೇಳಹೆಸರಿಲ್ಲದಂತಾಗಿದೆಯೆಂದು 1981ರಲ್ಲಿ ವಿಜ್ಞಾನಿಯೊಬ್ಬರು ಪ್ರಕಟಿಸಿದಾಗಲೇ ಅಲ್ಲಿಯವರಿಗೆ ಎಚ್ಚರವಾದದ್ದು. ಅಲ್ಲಿಯವರೆಗೂ ಬಂದರಿನ ಕಾಗದಗಳಲ್ಲಿ ಎಲ್ಲ ತೊರಕೆಗಳೂ ಒಂದೇ ಗಂಟಿನಲ್ಲಿದ್ದವು. ಅದಕ್ಕಿಂತ ದೊಡ್ಡ ಅಪಹಾಸ್ಯವು 2010ರಲ್ಲಿ ಬಯಲಾಯಿತು. 1920ರ ದಶಕದಿಂದ ಒಂದೇ ಎಂದು ಎಣಿಸಿದ್ದ ಆ ಮೀನು ವಂಶವಾಹಿಗಳ ಪರೀಕ್ಷೆಯಲ್ಲಿ ಎರಡು ಬೇರೆ ಬೇರೆ ಜಾತಿಗಳಾಗಿ ಒಡೆಯಿತು. ಒಂದು ಚಿಕ್ಕದು, ಬೇಗನೆ ಪ್ರಾಯಕ್ಕೆ ಬರುವದು. ಇನ್ನೊಂದು ಬೃಹತ್ತಾದದ್ದು, ಹೆಣ್ಣು ಮೊದಲ ಮೊಟ್ಟೆಯನ್ನಿಡುವದಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಕಾಲವನ್ನು ಬೇಡುವದು. ಒಂದರ ಉಳಿವಿನ ಮರೆಯಲ್ಲಿ ಇನ್ನೊಂದರ ಅಳಿವು ನಡೆದಿತ್ತು.

ಹಾಗಾದರೆ ಇವುಗಳಿಗೆ ಹೆಸರನ್ನಿಟ್ಟವರು ಯಾರು? ಕಡಲಿನ ಚರಿತ್ರೆಯಲ್ಲಿ ಇದು ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ. ಟಿಪ್ಪುವಿನ ಪತನದ ತರುವಾಯ ವೆಲೆಸ್ಲಿಯ ಆಜ್ಞೆಯ ಮೇರೆಗೆ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ, ಮಂಗಳೂರಿನಿಂದ ಕಾರವಾರದವರೆಗೆ ತೀರವನ್ನು ಅಳೆದು, ಯಲ್ಲಾಪುರ, ಸೋದೆ, ಬನವಾಸಿಗಳ ಮೇಲೆ ಹಾದುಹೋದ ಫ್ರಾನ್ಸಿಸ್ ಬುಕನನ್ನನನ್ನು ಕನ್ನಡ ಓದುಗರು ಬಲ್ಲರು. ನಮ್ಮ ಇತಿಹಾಸಕಾರರು ಆತನ ದಿನಚರಿಯನ್ನು ಅಡಕೆಯ ಬೆಲೆಗೂ ಮಠಗಳ ಉಂಬಳಿಗೂ ಮೇಲಿಂದ ಮೇಲೆ ತಿರುವಿಹಾಕುತ್ತಾರೆ. ಆತನೇ ಮುಂದೆ ಹ್ಯಾಮಿಲ್ಟನ್ ಎಂಬ ಉಪನಾಮವನ್ನು ಧರಿಸಿ, 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥವನ್ನು ಪ್ರಕಟಿಸಿ, ಉಬ್ಬರವು ಮುಟ್ಟದಷ್ಟು ಮೇಲಿನ ಸಿಹಿನೀರಿನಲ್ಲಿ ವಾಸಿಸುವ ತೊರಕೆಯೊಂದನ್ನು ಅದರಲ್ಲಿ ದಾಖಲಿಸಿದನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಆತನಿಗಿಂತ ಮೊದಲೇ, 1803ರಲ್ಲಿ, ಪ್ಯಾಟ್ರಿಕ್ ರಸೆಲ್ಲನು ವಿಶಾಖಪಟ್ಟಣದ ಇನ್ನೂರು ಮೀನುಗಳ ಚಿತ್ರಸಂಪುಟವನ್ನು ಹೊರತಂದಿದ್ದನು. ಅಲ್ಲಿಯ ತೆಲುಗು ಬೆಸ್ತರು ಕೊಂಬಿನ ತೊರಕೆಯೊಂದಕ್ಕೆ ಇಟ್ಟಿದ್ದ ಹೆಸರು ಈಗಲೂ ಅದರ ಲ್ಯಾಟಿನ್ ನಾಮದ ಅರ್ಧಭಾಗವಾಗಿ ಉಳಿದಿದೆ. ತರಂಗಂಬಾಡಿಯ ಪಾದ್ರಿಗಳು ಸಾರಾಯಿಯಲ್ಲಿ ಅದ್ದಿ ಕಳುಹಿಸಿದ ಮಾದರಿಗಳನ್ನು ನೋಡಿ ಬರ್ಲಿನ್ನಿನ ಬ್ಲಾಕ್ ಎಂಬ ವೈದ್ಯನು ಕೆಲವಕ್ಕೆ ನಾಮಕರಣ ಮಾಡಿದನು. ಹೀಗೆ ಒಂದೆರಡು ಸತ್ತ ಮಾದರಿಗಳನ್ನು ಕಂಡು ಇಟ್ಟ ಹೆಸರುಗಳನ್ನೇ ಕೆಂಪುಸಮುದ್ರದಿಂದ ಜಪಾನಿನವರೆಗಿನ ಸಮಸ್ತ ಜಲರಾಶಿಗೆ ಹೊದಿಸಿದ್ದಾಯಿತು. ಸಮುದ್ರಕ್ಕೆ ಬೇಲಿಯಿಲ್ಲ, ಆದುದರಿಂದ ಮೀನಿಗೂ ಸೀಮೆಯಿಲ್ಲ ಎಂಬುದು ಆ ಪಂಡಿತರ ಅಲಿಖಿತ ಸಿದ್ಧಾಂತ.

ಬೆಸ್ತನ ಸಮಾಧಾನವೂ ಅದೇ. ಈ ವರ್ಷ ನಮ್ಮ ಅಳಿವೆಯಲ್ಲಿ ತೊರಕೆ ಬರಲಿಲ್ಲವಾದರೆ ಕಡಲು ದೊಡ್ಡದಿದೆ, ಇನ್ನೆಲ್ಲಿಂದಲಾದರೂ ಬಂದೀತು. ಈ ಸಮಾಧಾನವು ನಿಜವೋ ಎಂಬುದನ್ನು ತೂಗಿ ನೋಡುವ ತಕ್ಕಡಿಯು ಕಳೆದ ಮೂರು ನಾಲ್ಕು ದಶಕಗಳಲ್ಲಿ ಮಾತ್ರ ಮನುಷ್ಯನ ಕೈಗೆ ಬಂದಿದೆ. ಅದೇ ವಂಶವಾಹಿಗಳ ಪರೀಕ್ಷೆ. ತುಳುನಾಡಿನ ಮೊಗವೀರರ ಮನೆಯಲ್ಲಿ ಬೆಳೆದವರಿಗೆ ಇದರ ಮರ್ಮವನ್ನು ತಿಳಿಸಲು ನನ್ನಂಥ ಬಯಲುಸೀಮೆಯವನು ಬೇಕಾಗಿಲ್ಲ. ಅಳಿಯಸಂತಾನದ ಕಟ್ಟಿನಲ್ಲಿ ಒಬ್ಬನ ಬಳಿ ಯಾವುದೆಂದು ಕೇಳಿದರೆ ಅವನು ತಾಯಿಯ ಬಳಿಯನ್ನು ಹೇಳುವನು, ತಾಯಿಯು ಅವಳ ತಾಯಿಯದನ್ನು. ಗಂಡು ಎಷ್ಟು ಊರು ಅಲೆದರೂ ಬಳಿಯು ಹೆಣ್ಣಿನ ಮೂಲಕವೇ ಇಳಿಯುವದು. ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಎಂಬ ಕಣಗಳಲ್ಲಿರುವ ಡಿಎನ್‌ಎ ಕೂಡ ಹೀಗೆಯೇ ತಾಯಿಯಿಂದ ಮಕ್ಕಳಿಗೆ ಬರುತ್ತದೆ, ತಂದೆಯದು ದಾಟುವದಿಲ್ಲ. ಕೋಶಕೇಂದ್ರದ ಡಿಎನ್‌ಎಯಾದರೋ ತಂದೆತಾಯಿಗಳಿಬ್ಬರಿಂದಲೂ ಸಮವಾಗಿ ಬರುವದು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ, ಒಂದು ಮೀನಿನ ಹೆಣ್ಣುಗಳು ತವರಿಗೆ ಅಂಟಿಕೊಂಡಿವೆಯೋ, ಗಂಡುಗಳು ಸಂಚಾರಿಗಳೋ ಎಂಬುದು ಸತ್ತ ಮೀನಿನ ರೆಕ್ಕೆಯ ಒಂದು ಚೂರಿನಿಂದಲೇ ತಿಳಿಯುತ್ತದೆ.

ಉತ್ತರ ಆಸ್ಟ್ರೇಲಿಯದ ಗರಗಸ ಮೀನಿನಲ್ಲಿ ಕಂಡದ್ದು ಇದನ್ನೇ. ಹೆಸರಿನಲ್ಲಿ ಮೀನಾದರೂ, ಮೂತಿಯಲ್ಲಿ ಹಲ್ಲಿನ ಗರಗಸವನ್ನು ಹೊತ್ತಿದ್ದರೂ, ಇದು ತೊರಕೆಯ ಕುಲದ್ದೇ. ದೊಡ್ಡ ಹಲ್ಲಿನ ಜಾತಿಯು ಹೊಳೆಗಳಲ್ಲಿ ಬಾಲ್ಯವನ್ನು ಕಳೆದು ಕಡಲಿಗಿಳಿಯುತ್ತದೆ. ಅಲ್ಲಿಯ ಬೇರೆ ಬೇರೆ ತೀರಗಳ ಮರಿಗಳಲ್ಲಿ ತಾಯ್ವಳಿಗಳು ಬೇರೆ ಬೇರೆಯಾಗಿದ್ದವು, ಕೋಶಕೇಂದ್ರದ ಬರಹವು ಮಾತ್ರ ಬೆರೆತಿತ್ತು. ಅಂದರೆ ಗಂಡುಗಳು ತೀರದಿಂದ ತೀರಕ್ಕೆ ಅಲೆಯುವವು, ಹೆಣ್ಣುಗಳು ಹೆರಿಗೆಗೆ ತವರಿನ ನೀರಿಗೇ ಮರಳುವವು. ಇದರ ಫಲಿತಾರ್ಥವು ಕಠೋರವಾದದ್ದು. ಒಂದು ಅಳಿವೆಯ ತಾಯಂದಿರು ಬಲೆಗೆ ಬಿದ್ದು ಮುಗಿದರೆ, ನೆರೆಯ ಅಳಿವೆಯ ಹೆಣ್ಣುಗಳು ಬಂದು ಆ ಮನೆಯನ್ನು ತುಂಬುವದಿಲ್ಲ. ಗಂಡುಗಳು ಬಂದರೂ ಹೆರುವವರು ಯಾರು? ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂದು ನಾಲ್ಕು ಮುಖಗಳಿಂದ ಕಡಲನ್ನು ಸೇರುವ ಉತ್ತರ ಕನ್ನಡದ ಅಳಿವೆಗಳನ್ನು ಈ ಬೆಳಕಿನಲ್ಲಿ ನೋಡಿದರೆ, ಕಡಲು ದೊಡ್ಡದಿದೆಯೆಂಬ ಸಮಾಧಾನವು ನಿಲ್ಲದು.

ಹಾಗೆಂದು ಎಲ್ಲ ತೊರಕೆಗಳೂ ಮನೆಬಿಡದವುಗಳೆಂದು ಹೇಳಹೊರಟರೆ ಅದೂ ಹಳೆಯ ಪಂಡಿತರ ತಪ್ಪಿನ ಇನ್ನೊಂದು ಮುಖವಾದೀತು. ದಂಡೆಯ ಬಂಡೆಗಳ ಸಮೀಪದಲ್ಲಿರುವ ಮಾಂಟಾದ ಸಂತತಿಗಳು ಒಂದರಿಂದೊಂದು ಸ್ಪಷ್ಟವಾಗಿ ಬೇರ್ಪಟ್ಟಿದ್ದರೆ, ಅದರ ಸೋದರಿಯಾದ ನಡುಗಡಲಿನ ಮಹಾಮಾಂಟಾದಲ್ಲಿ ದೂರದೂರದ ಸಾಗರಗಳವರೆಗೂ ರಕ್ತವು ಬೆರೆತಿರುವದು ಕಂಡುಬಂದಿದೆ. ಮೊದಲನೆಯದನ್ನು ಒಂದು ಜಿಲ್ಲೆಯ ಜನರು ಮನಸ್ಸು ಮಾಡಿದರೆ ಕಾಪಾಡಬಹುದು. ಎರಡನೆಯದಕ್ಕೆ ಒಂದು ರಾಷ್ಟ್ರವೂ ಸಾಲದು. ಮಾಂಟಾಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು 2013ರಲ್ಲಿ ಸೈಟ್ಸ್ ಒಪ್ಪಂದದ ನಿಯಂತ್ರಣಕ್ಕೆ ತಂದದ್ದರ ಔಚಿತ್ಯವು ಇದರಿಂದ ಗೊತ್ತಾಗುತ್ತದೆ. ನೀಲಿಚುಕ್ಕೆಯ ಪುಟ್ಟ ತೊರಕೆಯ ಕಥೆಯಾದರೂ ಹೀಗೆಯೇ. 1841ರಲ್ಲಿ ಕೂಲ್ ಎಂಬ ಪ್ರಕೃತಿಶಾಸ್ತ್ರಜ್ಞನ ಸ್ಮರಣಾರ್ಥವಾಗಿ ಇಟ್ಟ ಒಂದೇ ಹೆಸರಿನ ಕೆಳಗೆ ಹಿಂದೂ ಮಹಾಸಾಗರದ, ಶಾಂತಸಾಗರದ ಚುಕ್ಕೆಯ ತೊರಕೆಗಳೆಲ್ಲ ಒಟ್ಟುಗೂಡಿದ್ದವು. ವಂಶವಾಹಿಗಳನ್ನು ಓದಿದ ಮೇಲೆ ಆ ಹೆಸರು ಸಾಲೊಮನ್ ದ್ವೀಪಗಳ ಕಡೆಗೆ ಸರಿದುಕೊಂಡಿತು, ನಮ್ಮ ಕಡಲಿನದು 2018ರಲ್ಲಿ ಭಾರತದ ಹೆಸರಿನಲ್ಲಿಯೇ ಪ್ರತ್ಯೇಕ ಜಾತಿಯಾಯಿತು. ನೂರೆಪ್ಪತ್ತು ವರುಷಗಳಿಗೂ ಮೀರಿ ನಾವು ಸಾರಿನಲ್ಲಿ ಬೇಯಿಸಿದ್ದು ಪರದೇಶದ ಹೆಸರನ್ನು ಹೊತ್ತ ಸ್ವದೇಶಿ ಮೀನನ್ನು.

ಕಾಯಿದೆಯ ಸ್ಥಿತಿಯು ಇದಕ್ಕಿಂತ ವಿನೋದಕರ. 2001ರ ಜುಲೈಯಲ್ಲಿ ಕೇಂದ್ರ ಸರಕಾರವು ಶಾರ್ಕು ತೊರಕೆಗಳೆಲ್ಲವನ್ನೂ ಒಂದೇ ಸಲಕ್ಕೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪರಿಶಿಷ್ಟಕ್ಕೆ ಸೇರಿಸಿತು. ಮೀನುಗಾರರ ಪ್ರತಿಭಟನೆಯೆದ್ದು ಅದೇ ಡಿಸೆಂಬರಿನಲ್ಲಿ ಪಟ್ಟಿಯನ್ನು ಹತ್ತು ಜಾತಿಗಳಿಗೆ ಇಳಿಸಿತು. ಆ ಹತ್ತರಲ್ಲಿ ಬುಕನನ್ನನ ಗಂಗೆಯ ತೊರಕೆಯೂ ಇದೆ, ಆದರೆ ಅದು ಇಂದಿನ ಯಾವ ಮೀನೆಂಬುದರಲ್ಲಿ ಶಾಸ್ತ್ರಜ್ಞರಿಗೆ ಏಕಾಭಿಪ್ರಾಯವಿಲ್ಲ. ಗರಗಸ ಮೀನೊಂದನ್ನು ಸಣ್ಣಹಲ್ಲಿನದೆಂಬ ಹೆಸರಿನಿಂದ ಪಟ್ಟಿ ಮಾಡಿದ್ದರು. 2013ರಲ್ಲಿ ಆ ಹೆಸರೇ ರದ್ದಾಗಿ ಅದು ಇನ್ನೊಂದು ಜಾತಿಯಲ್ಲಿ ಲೀನವಾಯಿತು. ಎಲ್ಲಕ್ಕೂ ಮಿಗಿಲಾಗಿ, ಮಹಾ ಗಿಟಾರ್ ಮೀನೆಂದು ಬರೆದ ರಿಂಕೊಬೇಟಸ್ ಜಿ‌ಡ್ಡೆನ್ಸಿಸ್ ಎಂಬುದು ಆಫ್ರಿಕದ ಪೂರ್ವತೀರದಿಂದ ಕೆಂಪುಸಮುದ್ರದ ಕಡೆಗಿನ, ಹಿಂದೂ ಮಹಾಸಾಗರದ ಪಶ್ಚಿಮ ಭಾಗಕ್ಕೆ ಸೀಮಿತವಾದದ್ದೆಂದೂ, ನಮ್ಮ ಬಲೆಗಳಿಗೆ ಬೀಳುವವು ಅದರ ಬೇರೆ ಬಂಧುಗಳೆಂದೂ ಆಮೇಲೆ ನಿರ್ಣಯವಾಯಿತು. ನ್ಯಾಯಾಲಯದ ಕಣ್ಣಿಗೆ ಹೆಸರೇ ಪ್ರಾಣಿ. ಇಲ್ಲದ ಮೀನಿಗೆ ಎರಡು ದಶಕಗಳ ಕಾಲ ರಕ್ಷಣೆಯಿದ್ದು, ಇದ್ದ ಮೀನಿಗೆ ಇದೆಯೋ ಇಲ್ಲವೋ ಎಂಬ ಸಂದೇಹವಿದ್ದಿತು. ಆ ಅವಧಿಯಲ್ಲಿಯೇ 2019ರಲ್ಲಿ ಈ ಬಳಗದ 16 ಜಾತಿಗಳಲ್ಲಿ 15 ಅತ್ಯಂತ ಅಪಾಯದ ಅಂಚಿನಲ್ಲಿವೆಯೆಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್ ಘೋಷಿಸಿದ್ದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. 2022ರ ತಿದ್ದುಪಡಿಯು ಪಟ್ಟಿಯನ್ನು ಬೆಳೆಸಿ ಇನ್ನೂ ಹಲವು ಶಾರ್ಕು ತೊರಕೆಗಳನ್ನು ಒಳಗೊಂಡಿತು.

ಆ ತಿದ್ದುಪಡಿಗೆ ಮುಂಚೆ, 2020ರ ಅಕ್ಟೋಬರಿನಲ್ಲಿ, ಮಲ್ಪೆಯ ಬಂದರಿಗೆ ಎರಡು ಮಹಾತೊರಕೆಗಳು ಬಂದವು. ಒಂದರ ತೂಕ 750 ಕಿಲೋ, ಮತ್ತೊಂದರದು 250. ಕ್ರೇನಿನ ಕೊಕ್ಕೆಗೆ ತೂಗಿದ ಆ ಕರಿಯ ದೇಹಗಳ ಚಿತ್ರವು ರಾಜ್ಯದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಬರೆದವರ ಧಾಟಿಯಲ್ಲಿ ಜಾತ್ರೆಯ ಹುರುಪಿತ್ತು. ಅದಕ್ಕಾಗಿ ಆ ದೋಣಿಯವರನ್ನು ದೂಷಿಸುವದು ಅನ್ಯಾಯ, ಏಕೆಂದರೆ ಅಂದಿನ ಪಟ್ಟಿಯಲ್ಲಿ ಆ ಮೀನಿನ ಹೆಸರಿರಲಿಲ್ಲ. 2021ರ ಮಾರ್ಚಿನಲ್ಲಿ ಅದೇ ಮಲ್ಪೆಯಲ್ಲಿ ಗರಗಸ ಮೀನೊಂದು ಬಲೆಗೆ ಸಿಕ್ಕು ಸುದ್ದಿಯಾಯಿತು. ಅದರ ಹೆಸರು ಪಟ್ಟಿಯಲ್ಲಿ ಇಪ್ಪತ್ತು ವರ್ಷಗಳಿಂದಲೂ ಇತ್ತು. ಹೆಸರಿದ್ದುದಕ್ಕೂ ಇಲ್ಲದ್ದಕ್ಕೂ ಧಕ್ಕೆಯ ಮೇಲೆ ಕಂಡ ಅಂತರವೇನು?

ಮಂಗಳೂರಿನಲ್ಲಿಯೂ ಕಾರವಾರದಲ್ಲಿಯೂ ನೆಲೆಯುಳ್ಳ ಕೇಂದ್ರೀಯ ಕಡಲಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಈ ಧಕ್ಕೆಗಳಲ್ಲಿ ಮೀನಿನ ಜಾತಿ, ಉದ್ದ, ಲಿಂಗ, ಗರ್ಭಗಳನ್ನು ಬರೆದುಕೊಳ್ಳುವ ಶ್ರಮವನ್ನು ಬಲ್ಲವರು ಕಡಮೆ. ಬೆಳಗಿನ ಜಾವದ ಹರಾಜಿನ ಕೂಗಾಟದೊಳಗೆ, ಮಂಜುಗಡ್ಡೆಯ ನೀರಿನಲ್ಲಿ ಕಾಲಿಟ್ಟು, ಕೊಂಡವನು ಬುಟ್ಟಿಗೆ ಎತ್ತುವಷ್ಟರಲ್ಲಿ ಅಳತೆಯನ್ನು ಮುಗಿಸಬೇಕು. ರೆಕ್ಕೆಯ ಅಂಚಿನಿಂದ ಉಗುರಿನಷ್ಟು ಚೂರನ್ನು ಕತ್ತರಿಸಿ ಮದ್ಯಸಾರದ ಸೀಸೆಗೆ ಹಾಕಿ, ಊರು, ದಿನ, ಬಲೆಯ ಬಗೆಯನ್ನು ಪೆನ್ಸಿಲಿನಿಂದ ಬರೆದು ಮುಚ್ಚಬೇಕು, ಶಾಯಿಯಾದರೆ ಮದ್ಯಸಾರದಲ್ಲಿ ಕರಗಿಹೋದೀತು. ತಾಯ್ವಳಿಯನ್ನು ಓದುವ ವಿದ್ಯೆಗೆ ಮೂಲಧನವು ಇಂಥ ಸೀಸೆಗಳೇ. ಹಿಂದೆ ತರಂಗಂಬಾಡಿಯಿಂದ ಒಂದು ಮಾದರಿ ಬರ್ಲಿನ್ನಿಗೆ ಹೋದರೆ ಸಾಕಾಗುತ್ತಿತ್ತು. ಈಗ ಒಂದೊಂದು ಅಳಿವೆಯಿಂದಲೂ ಹತ್ತಾರು ಬೇಕು, ಮತ್ತು ಮೀನು ವಿರಳವಾದಷ್ಟೂ ಆ ಹತ್ತಾರನ್ನು ಕೂಡಿಸುವದು ಕಷ್ಟವಾಗುತ್ತ ಹೋಗುವದು.

ಇನ್ನು ರಕ್ಷಣೆಯ ಉಪಾಯ. ಪಶ್ಚಿಮ ತೀರದಲ್ಲಿ 2015ರಿಂದ ಜೂನ್ ಒಂದರಿಂದ ಜುಲೈ ಮುಗಿಯುವವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವದಿಲ್ಲ. ಆದರೆ ವರುಷದ ಉಳಿದ ಹತ್ತು ತಿಂಗಳ ಟ್ರಾಲನ್ನು, ಒಂದೆರಡೇ ಮರಿಗಳನ್ನು ಹೆರುವ ಪ್ರಾಣಿಯು ಎರಡು ತಿಂಗಳ ಬಿಡುವಿನಿಂದ ಗೆಲ್ಲಲಾರದು. ನೆರೆಯ ಮಹಾರಾಷ್ಟ್ರವು 2018ರಲ್ಲಿ ಒಂದು ಬೇರೆ ಬಗೆಯ ಕ್ರಮವನ್ನು ಆರಂಭಿಸಿತು. ಸಂರಕ್ಷಿತ ಪ್ರಾಣಿಯು ಬಲೆಯಲ್ಲಿ ಸಿಕ್ಕಾಗ ಬಲೆಯನ್ನು ಕತ್ತರಿಸಿ ಅದನ್ನು ಜೀವಂತವಾಗಿ ಬಿಟ್ಟವನಿಗೆ, ಚಿತ್ರದ ಸಾಕ್ಷಿಯನ್ನು ಕೊಟ್ಟರೆ, 25,000 ರೂಪಾಯಿಗಳವರೆಗೆ ಪರಿಹಾರ. ಕಡಲಾಮೆಗಳೂ ತಿಮಿಂಗಿಲ ಶಾರ್ಕುಗಳೂ ಗಿಟಾರ್ ಮೀನುಗಳೂ ಹೀಗೆ ನೀರಿಗೆ ಮರಳಿದ್ದುಂಟು. ನನಗೆ ಈ ಕ್ರಮವು ಕಾಯಿದೆಯ ಪರಿಶಿಷ್ಟಗಳಿಗಿಂತ ಹೆಚ್ಚು ಮೆಚ್ಚಿಗೆಯಾಗಿದೆ, ಏಕೆಂದರೆ ಅದು ಬಲೆಯ ಬೆಲೆಯನ್ನು ಬಲ್ಲದು. ಬೆಸ್ತನನ್ನು ಅಪರಾಧಿಯೆಂದು ಎಣಿಸದೆ ಪಾಲುದಾರನೆಂದು ಕರೆಯುತ್ತದೆ. ಒಂದು ತೊಡಕು ಮಾತ್ರ ಉಳಿಯುವದು. ಗಂಟೆಗಟ್ಟಲೆ ಟ್ರಾಲಿನ ಚೀಲದಲ್ಲಿ ಸಿಗಡಿ, ಕೆಸರು, ಕಲ್ಲುಗಳ ಭಾರದ ಕೆಳಗೆ ಸಿಕ್ಕ ತೊರಕೆಯು ಮೇಲೆ ಬರುವಾಗ ಬಹುಶಃ ಬಿಡುವ ಸ್ಥಿತಿಯಲ್ಲಿರುವದಿಲ್ಲ. ಜೀವಂತವಾಗಿ ಕೈಗೆ ಸಿಗುವದು ದಡಕ್ಕೆಳೆಯುವ ಬಲೆಯಲ್ಲಿ. ಎಪ್ಪತ್ತರ ದಶಕದಲ್ಲಿ ಪರ್ಸಿನ್ನಿಗೆ ಸೋತು ಮೂಲೆಗೆ ಸರಿದ ರಂಪಣಿಯ ಚಿಕ್ಕ ರೂಪವಾದ ಕೈರಂಪಣಿಯನ್ನು, ಯಂತ್ರದ ದೋಣಿಗಳು ಬಂದರಿನಲ್ಲಿ ಕಟ್ಟಿಬಿದ್ದ ಮಳೆಗಾಲದ ದಿನಗಳಲ್ಲಿ ಉಡುಪಿಯ ಕಡೆಯ ದಂಡೆಗಳಲ್ಲಿ ಈಗಲೂ ಎಳೆಯುತ್ತಾರೆ. ಪರಿಹಾರದ ಹಣವು ನಮ್ಮ ರಾಜ್ಯದಲ್ಲಿ ಯಾರ ಕೈಗೆ ಮೊದಲು ಸಲ್ಲಬೇಕೆಂದು ಕೇಳಿದರೆ, ಆ ಹಗ್ಗವನ್ನು ಹಿಡಿದವರ ಕೈಗೆ ಎಂದು ನಾನು ಹೇಳುವೆನು.